ಮಂಗಳಾರತಿ ಸುತ್ತು

ನಮ್ಮ ಪಾರ್ಕಿಗೆ ಬೋರ್ಡಿನ ಮೇಲೆ ‘ಶ್ರೀ ಷಡಕ್ಷರಿ ವಿನೋದವನ’ ಎಂದು ದೊಡ್ಡ ಅಕ್ಷರದಲ್ಲಿ ಹೆಸರು ಬರೆಸಿದ್ದಾರೆ. ಆ ಹೆಸರನ್ನು ಬೋರ್ಡು ಬರೆದವನು ಬಿಟ್ಟರೆ ಬೇರೆ ಯಾರೂ ಓದಿದ ಹಾಗೆ ಕಾಣೆ. ಹಳೇಬೀಡಿನಿಂದ ಮಾದಿಹಳ್ಳಿ ಕಡೆ ಹೋಗುವ ಬಸ್ಸಿನ ಕಂಡಕ್ಟರುಗಳು ಮೊದಲ ದಿನದಿಂದಲೂ “ಯಾರ್ರೀ ಕೊಬ್ರಿ ಪಾರ್ಕು ಇಳಿಯೋರು?” ಎಂದೇ ಕೂಗುತ್ತಾ ಬಂದಿದ್ದಾರೆ. ಪಾರ್ಕು ಕಟ್ಟಿಸಿದ ಷಡಕ್ಷರಪ್ಪನವರು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ. ಕೊಬ್ಬರಿ ಮಾರುವ ಮನುಷ್ಯನಿಗೆ ಜೈಂಟ್ ವೀಲಿನ ಹುಚ್ಚು ಯಾಕೆ ಹತ್ತಿತು ಎಂದು ಅಲ್ಲಿಯ ಮಂಡಿಯವರೆಲ್ಲ ಆಡಿಕೊಂಡರಂತೆ. ಷಡಕ್ಷರಪ್ಪನವರದು ಒಂದೇ ವಾದ. ಬೇಲೂರು ನೋಡಿ, ಹಳೇಬೀಡು ನೋಡಿ, “ಮುಟ್ಟಬೇಡ, ಓಡಬೇಡ, ಕೂಗಬೇಡ” ಎಂದು ಮೇಷ್ಟರ ಕೈಯಲ್ಲಿ ಬೈಸಿಕೊಂಡ ಮಕ್ಕಳಿಗೆ ಸಂಜೆ ಎಲ್ಲಾದರೂ ಕಿರುಚುವುದಕ್ಕೆ ಜಾಗ ಬೇಕಲ್ಲ? ಅವರ ವಾದವೇ ಗೆದ್ದಿತು. ಡಿಸೆಂಬರ್ ಬಂತೆಂದರೆ ಪ್ರವಾಸದ ಬಸ್ಸುಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿ ನಿಲ್ಲುತ್ತಿದ್ದವು.

ಟಿಕೆಟ್ ಕೌಂಟರಿನ ಕಿಂಡಿಯ ಒಳಗೆ ಕೂತವಳು ನಾನು, ಆಂಡಾಳ್. ಊರು ಬೇಲೂರು, ಮನೆ ದೇವಸ್ಥಾನದ ಬೀದಿ. ಅಪ್ಪ ದೇವಸ್ಥಾನದ ಅಡುಗೆಮನೆಯಲ್ಲಿದ್ದರು, ಈಗ ಅಲ್ಲಿ ನನ್ನ ತಮ್ಮ ಮುರಳೀಕೃಷ್ಣ ಇದ್ದಾನೆ. ನಾನು ಮದುವೆಯಾಗಲಿಲ್ಲ. ಅದರ ಹಿಂದೆ ದೊಡ್ಡ ಕಥೆಯಿರಬೇಕೆಂದು ಬೀದಿಯವರು ಬಹಳ ವರ್ಷ ಕಾದರು; ಇರಲಿಲ್ಲ, ಪಾಪ, ಅವರಿಗೆ ನಿರಾಸೆಯಾಯಿತು. ಬಿ.ಕಾಂ. ಮುಗಿದ ಬೇಸಿಗೆಯಲ್ಲಿ ಆ ಕಿಂಡಿಯ ಹಿಂದೆ ಕೂತವಳು ಮೂವತ್ತು ವರ್ಷ ಅಲ್ಲೇ ಕೂತಿದ್ದೇನೆ.

ಈಗಿನವರಿಗೆ ಟಿಕೆಟ್ ಎಂದರೆ ಮೊಬೈಲಿನೊಳಗೆ ಕಾಣುವ ಕಪ್ಪು ಚುಕ್ಕಿಗಳ ಚೌಕ. ಆಗ ಟಿಕೆಟಿಗೆ ಬಣ್ಣ ಇತ್ತು, ವಾಸನೆ ಇತ್ತು. ಗುಲಾಬಿಯದು ಜೈಂಟ್ ವೀಲಿಗೆ, ಹಳದಿಯದು ಪುಟಾಣಿ ರೈಲಿಗೆ, ಹಸಿರು ದೋಣಿಗೆ. ಅರಸೀಕೆರೆಯ ಒಂದು ಸಣ್ಣ ಪ್ರೆಸ್ಸಿನಿಂದ ಅಚ್ಚಾಗಿ ಬರುತ್ತಿದ್ದವು. ನಡುವಿನ ತೂತಿನ ಗೆರೆ ಹೊಡೆಯುವ ಅವರ ಯಂತ್ರ ಮೊಂಡಾಗಿತ್ತೋ ಏನೋ, ಎಳೆದರೆ ಟಿಕೆಟ್ ತನಗೆ ತೋಚಿದ ಕಡೆ ಹರಿಯುತ್ತಿತ್ತು. ಅದಕ್ಕೇ ಬೆಳಿಗ್ಗೆ ಬಂದ ಕೂಡಲೇ ಸ್ಟೀಲ್ ಸ್ಕೇಲು ಇಟ್ಟು ಟಿಕೆಟ್ ಪುಸ್ತಕದ ಹಾಳೆಗಳನ್ನೆಲ್ಲ ಉಗುರಿನಿಂದ ತೀಡಿ ಮಡಿಸಿಟ್ಟುಕೊಳ್ಳುತ್ತಿದ್ದೆ. ಆ ಗುಲಾಬಿ ಬಣ್ಣ ಬೆರಳಿಗೆ ಹತ್ತಿ, ಮಧ್ಯಾಹ್ನ ಎಷ್ಟು ಕೈ ತೊಳೆದರೂ ಮೊಸರನ್ನದ ಅಂಚು ಕೆಂಪಾಗುತ್ತಿತ್ತು. ಕಿಂಡಿಯ ಪಕ್ಕದ ಕಂಬಕ್ಕೆ ಒಂದು ಕೆಂಪು ಗೆರೆ ಎಳೆದಿದ್ದರು. ಅದಕ್ಕಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ ಬೇಡ. ಎಂತೆಂಥ ಮರ್ಯಾದಸ್ಥರು ಮಗನ ಹೆಗಲು ಅದುಮಿ, ಮಂಡಿ ಬಗ್ಗಿಸಿ ನಿಲ್ಲಿಸಿ, ನನ್ನ ಮುಖ ನೋಡಿ ಹಲ್ಲು ಕಿರಿದಿದ್ದಾರೆ! ನಾನು ಬೈಯುತ್ತಿದ್ದೆ, ಬೈದು ಒಳಗೆ ಬಿಡುತ್ತಿದ್ದೆ.

ಸಂಜೆ ಆರಕ್ಕೆ ಕೌಂಟರ್ ಮುಚ್ಚುತ್ತಿತ್ತು. ನಮ್ಮ ಪಾರ್ಕಿಗೆ ನಿಜವಾದ ಕಳೆ ಬರುತ್ತಿದ್ದುದು ಆಮೇಲೆ.

ಪಾರ್ಕು ಎದ್ದ ಜಾಗ ಮೊದಲು ಮಾದಿಹಳ್ಳಿಯವರ ರಾಗಿ ಹೊಲ. ಹೊಲ ಬರೆದುಕೊಟ್ಟ ಮನೆಗಳವರಿಗೆ ಷಡಕ್ಷರಪ್ಪನವರು ಒಂದು ಮಾತು ಕೊಟ್ಟಿದ್ದರು. “ನಿಮ್ ಹೊಲ್ದಲ್ಲೇ ಆಟ ನಡೀತಿರ್ಬೇಕಾದ್ರೆ ನಿಮ್ ಮಕ್ಳು ಬೇಲಿ ಹಿಡ್ಕಂಡು ನೋಡ್ತಾ ನಿಂತ್ರೆ ನಾನ್ ಉಂಡಿದ್ದು ಮೈಗೆ ಹತ್ತಲ್ಲ. ಹೊರಗಿನೋರು ಹೋದ್ಮೇಲೆ ದಿನಾ ಬನ್ನಿ. ಟಿಕೇಟು ಗಿಕೇಟು ಏನೂ ಇಲ್ಲ.” ಅವರ ಉಳಿದ ಹೊಲಗಳಿರುವುದು ಹಿಂಬದಿಗೆ, ಹಾಗಾಗಿ ಹುಣಸೆಮರದ ಪಕ್ಕದ ಹಿಂದಿನ ಗೇಟಿನಿಂದ ಬರುತ್ತಿದ್ದರು. ಹೋಗುವಾಗ ಮಾತ್ರ ಮುಂದಿನ ದೊಡ್ಡ ಗೇಟಿನಿಂದಲೇ ಹೋಗಬೇಕು. ಮನೆಗೆ ಬಂದ ನೆಂಟರನ್ನು ಹಿತ್ತಲ ಬಾಗಿಲಿಂದ ಕಳಿಸುತ್ತಾರೇನು ಎಂದು ಷಡಕ್ಷರಪ್ಪನವರ ಹಟ. ಬಂದವರು ಅರ್ಧ ಮೈಲಿ ಸುತ್ತಿ ಮನೆ ಸೇರಬೇಕಾಗುತ್ತಿತ್ತು. ಆದರೂ ಒಬ್ಬರೂ ಬೇಡವೆಂದವರಿಲ್ಲ. ದೊಡ್ಡ ಗೇಟಿನಲ್ಲಿ ವಾಚ್‌ಮನ್ ಎದ್ದು ನಿಂತು ಬಾಗಿಲು ತೆಗೆಯುವುದು ಅವರಿಗೂ ಇಷ್ಟವಾಗಿತ್ತು.

ಆ ಹೊತ್ತಿನಲ್ಲಿ ಜೈಂಟ್ ವೀಲು ಮಾತ್ರ ನಡೆಯುತ್ತಿತ್ತು. ಅದಕ್ಕೆ ‘ಮಂಗಳಾರತಿ ಸುತ್ತು’ ಎಂದು ಹೆಸರಿಟ್ಟವಳು ನಾನೇ. ದೇವಸ್ಥಾನದಲ್ಲಿ ಮಂಗಳಾರತಿಯಾಗಿ ತೀರ್ಥ ಕೊಡುವಾಗ ಸೇವೆಯ ಚೀಟಿ ಎಲ್ಲಿ ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ. ಹೆಸರು ನಿಂತುಬಿಟ್ಟಿತು.

ವೀಲು ನಡೆಸುವವನು ಹುಲಿಕೆರೆಯ ಬೋರಯ್ಯ. ಅವನ ಬಾಯಿಂದ ಮಾತು ಬರುವುದೇ ಅಪರೂಪ. ಒಂದೇ ತೊಟ್ಟಿಲಲ್ಲಿ ಒಬ್ಬರೇ ಕೂತರೆ ವಾಲುತ್ತದೆ ಎಂದು ಅವನು ಒಂಟಿಯಾಗಿ ಯಾರನ್ನೂ ಕೂರಿಸುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಷಡಕ್ಷರಪ್ಪನವರು, “ಮಾರೋಳಿಗೆ ರುಚಿ ಗೊತ್ತಿರ್ಬೇಕು, ಹತ್ತಮ್ಮ” ಎಂದು ನನ್ನನ್ನು ಅಟ್ಟಿದಾಗ ಬೋರಯ್ಯ ಜೊತೆಗೆ ಯಾರಿದ್ದಾರೆಂದು ಸುತ್ತ ನೋಡಿದ. ಹುಲ್ಲಿನ ಹೊರೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಒಬ್ಬ ಹೆಂಗಸು ನಿಂತಿದ್ದಳು. ಅವಳೇ ಮಾದಮ್ಮ, ಹೊಲ ಕೊಟ್ಟ ಮನೆಯೊಂದರ ಸೊಸೆ. ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವಳು, ಆಗಲೇ ಎರಡು ಮಕ್ಕಳ ತಾಯಿ. ಬೋರಯ್ಯ ಇಬ್ಬರನ್ನೂ ಒಂದು ತೊಟ್ಟಿಲಿಗೆ ಹಾಕಿ ಕಂಬಿ ಬಿಗಿದ.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ದಿನಾ ಕೌಂಟರ್ ಮುಚ್ಚಿ ನಾನು ಹಿಂದಿನ ಗೇಟಿನ ಹತ್ತಿರ ಹೋಗಿ “ಮಾದಮ್ಮಾ, ಬಾರೇ” ಎಂದು ಕೂಗುವುದು, ಅವಳು “ಬಂದೆ ಬಂದೆ, ಊರೆಲ್ಲ ಕೇಳ್ಸಂಗೆ ಕಿರುಚ್ಬ್ಯಾಡಿ” ಎನ್ನುತ್ತಾ ಬರುವುದು. ಪುಷ್ಪಗಿರಿಯ ಹಿಂದೆ ಹೊತ್ತಿಳಿಯುತ್ತಿರುವಾಗ ನಾವು ಮೇಲೆ ಕೂತು, ದೂರದಲ್ಲಿ ದ್ವಾರಸಮುದ್ರದ ಕೆರೆ ಬೆಳ್ಳಗೆ ಕಾಣುತ್ತಿರುವಾಗ, ಹೇಳದ ಚಾಡಿಯಿಲ್ಲ. ನಾನು ತಮ್ಮನ ಹೆಂಡತಿಯ ಮೇಲೆ, ಅವಳು ಅತ್ತೆಯ ಮೇಲೆ. ವರ್ಷಗಳು ಕಳೆದ ಹಾಗೆ ಅವಳು ಸೊಸೆಯ ಮೇಲೆ. ಕೆಳಗಿದ್ದಾಗ ನನ್ನನ್ನು ‘ನೀವು’ ಎನ್ನುವವಳು ತೊಟ್ಟಿಲು ನೆಲ ಬಿಟ್ಟ ಮೇಲೆ ‘ನೀನು’ ಎನ್ನುತ್ತಿದ್ದಳು. ಇಬ್ಬರೂ ಅದನ್ನು ಗಮನಿಸದವರ ಹಾಗೆ ಇರುತ್ತಿದ್ದೆವು. ನನ್ನ ಅಮ್ಮ ತೀರಿಕೊಂಡ ತಿಂಗಳು ಅವಳು ಚಾಡಿಯೆಲ್ಲ ಬದಿಗಿಟ್ಟು ನನಗೆ ಒತ್ತಿಕೊಂಡು ಕೂತಳು. ಬೋರಯ್ಯ ಕೂಡ ಕೇಳದೆಯೇ ಎರಡು ಸುತ್ತು ಹೆಚ್ಚಿಗೆ ತಿರುಗಿಸಿದ.

ಷಡಕ್ಷರಪ್ಪನವರು ಹೋಗಿ ಬಹಳ ವರ್ಷವಾಯಿತು. ಹೋದ ವರ್ಷದಿಂದ ಪಾರ್ಕು ನೋಡಿಕೊಳ್ಳುತ್ತಿರುವವಳು ಅವರ ಮೊಮ್ಮಗಳು ಹಿತಾ. ಒಳ್ಳೆಯ ಹುಡುಗಿ. ಚುರುಕು, ದುಡಿಯುತ್ತಾಳೆ, ನನ್ನನ್ನು ‘ಆಂಟಿ’ ಎನ್ನುತ್ತಾಳೆ, ಅದೊಂದನ್ನು ಕ್ಷಮಿಸಿದ್ದೇನೆ. ದೀಪಾವಳಿ ಕಳೆದ ಮೇಲೆ ಅವಳು ಕಾಗದದ ಟಿಕೆಟ್ ನಿಲ್ಲಿಸಿ ಕೈಗೆ ಕಟ್ಟುವ ಹಳದಿ ಪಟ್ಟಿ ತಂದಳು. ಮುಂದಿನ ಗೇಟಿಗೆ ತಿರುಗುವ ಉಕ್ಕಿನ ಕಂಬಿಗಳು ಬಂದವು. ಪಟ್ಟಿ ತೋರಿಸಿ ಒಳಗೆ ಹೋದರೆ ಒಂದು ಕೂಡುತ್ತದೆ, ಕಂಬಿ ತಳ್ಳಿಕೊಂಡು ಹೊರಗೆ ಬಂದರೆ ಒಂದು ಕಳೆಯುತ್ತದೆ. ಒಳಗೆ ಈಗ ಎಷ್ಟು ಜನರಿದ್ದಾರೆಂದು ಹಿತಾ ಅರಸೀಕೆರೆಯ ಮನೆಯಲ್ಲಿ ಕೂತು ಫೋನಿನಲ್ಲೇ ನೋಡುತ್ತಾಳೆ.

ಕಂಬಿ ಹಾಕಿದ ದಿನ ಸಂಜೆ ಏಳಕ್ಕೆ ಮುಂಚೆ ಅವಳ ಫೋನ್ ಬಂತು.

“ಆಂಟಿ, ಪಾರ್ಕಲ್ಲಿ ಎಷ್ಟು ಜನ ಇದಾರೆ?”

“ಯಾರೂ ಇಲ್ಲ. ಬೀಗ ಹಾಕ್ತಾ ಇದೀನಿ.”

“ಇಲ್ಲಿ ಮೈನಸ್ ಹದಿನಾಲ್ಕು ಅಂತ ತೋರಿಸ್ತಿದೆ. ಒಳಗೆ ಬಂದೇ ಇಲ್ಲದ ಹದಿನಾಲ್ಕು ಜನ ಹೊರಗೆ ಹೇಗೆ ಹೋದ್ರು?”

ನನಗೆ ನಗು ತಡೆಯಲಾಗಲಿಲ್ಲ. ಹಿಂದಿನಿಂದ ಬಂದವರು ಹಿಂದಿನಿಂದಲೇ ಹೋಗಿದ್ದರೆ ಯಂತ್ರಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಅವಳ ತಾತನ ಮರ್ಯಾದೆಯೇ ನಮ್ಮನ್ನು ಹಿಡಿದುಕೊಟ್ಟಿತ್ತು. ಮಾರನೇ ದಿನ ಬಂದಾಗ ಎಲ್ಲ ಹೇಳಿದೆ. ಕೇಳಿ ಅವಳೂ ನಕ್ಕಳು. ಆಮೇಲೆ ಮುಖ ಸಣ್ಣದು ಮಾಡಿಕೊಂಡಳು.

“ಆಂಟಿ, ಬ್ಯಾಂಡ್ ಇಲ್ದೇ ಇರೋರಿಗೆ ಇನ್ಶೂರೆನ್ಸ್ ಇಲ್ಲ. ಯಾರಾದ್ರೂ ಬಿದ್ರೆ?”

“ಮೂವತ್ತು ವರ್ಷದಿಂದ ಒಬ್ಬರೂ ಬಿದ್ದಿಲ್ಲ.”

“ಅದೇ ಆಂಟಿ ನಂಗೆ ಭಯ. ಚಕ್ರಕ್ಕೂ ಮೂವತ್ತು ವರ್ಷ ಆಯ್ತಲ್ಲ.”

ನಾನೇ ಬೀಗದ ಕೈ ತೆಗೆದುಕೊಟ್ಟೆ. ಹಿಂದಿನ ಗೇಟಿಗೆ ಬೀಗ ಬಿತ್ತು. ಆದರೆ ಹಿತಾ ಅಷ್ಟಕ್ಕೇ ಬಿಡಲಿಲ್ಲ. ಹೊಲ ಕೊಟ್ಟ ಮನೆಯವರಿಗೆಲ್ಲ ಪುಕ್ಕಟೆ ಪಟ್ಟಿ ಕೊಡಿ, ಹಗಲು ಹೊತ್ತಿನಲ್ಲೇ ಮುಂದಿನ ಗೇಟಿನಿಂದ ಬಂದು ಎಷ್ಟು ಬೇಕಾದರೂ ಆಡಲಿ ಎಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಮಾದಮ್ಮನ ಪಟ್ಟಿಯನ್ನು ನಾನೇ ಆರಿಸಿ, ಸುಕ್ಕಿಲ್ಲದ್ದು ನೋಡಿ ತೆಗೆದಿಟ್ಟುಕೊಂಡೆ. ಸಂಜೆ ಬೀಗ ಹಾಕಿದ ಗೇಟಿನ ಸಂದಿಯಿಂದ ಅವಳ ಕೈಗೆ ಕೊಟ್ಟೆ.

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಏನಿದು?”

“ಟಿಕೆಟ್ ಕಣೇ. ಕೈಗೆ ಕಟ್ಕೋಬೇಕು. ಇದಿದ್ರೆ ಮುಂದಿನ ಗೇಟಲ್ಲೇ ಬಿಡ್ತಾರೆ.”

“ನಮ್ ಗೌರಿ ಕಿವಿಗೂ ಇಂಥದ್ದೇ ಹೊಡ್ದವ್ರೆ. ಇದೇ ಬಣ್ಣ. ಯಾತಕ್ಕೆ ಅಂದ್ರೆ ಇನ್ಸೂರೆನ್ಸು ಅಂದ್ರು.”

ಗೌರಿ ಅವಳ ಹಸು. ನಾನು ತಮಾಷೆ ಎಂದುಕೊಂಡು ನಕ್ಕೆ. “ಇದೂ ಅದಕ್ಕೇ. ನಿಮಗೆಲ್ಲ ಫ್ರೀ.”

“ಪುಕ್ಸಟ್ಟೆನಾ?” ಅವಳ ದನಿ ಬದಲಾಯಿತು. “ಹಂಗಾದ್ರೆ ಇಷ್ಟ್ ವರ್ಸ ನಾನು ಪುಕ್ಸಟ್ಟೆ ಆಡಕ್ ಬತ್ತಿದ್ದೋಳು ಅಂತಾಯ್ತು.”

“ಅಯ್ಯೋ, ನಾನು ಹಾಗೆ—”

“ನೀವೇ ಇಟ್ಕಳಿ, ಆಂಡಾಳಮ್ಮ. ನಂಗೇ ಟಿಕೇಟು ಕೊಟ್ರಲ್ಲ.” ಪಟ್ಟಿಯನ್ನು ಗೇಟಿನ ಕಂಬಿಗೆ ಸಿಕ್ಕಿಸಿ, ಹುಲ್ಲಿನ ಹೊರೆ ಎತ್ತಿಕೊಂಡು ಹೋಗಿಬಿಟ್ಟಳು. ಹೊರೆ ಎತ್ತಲು ದಿನಾ ನನ್ನನ್ನು ಒಂದು ಕೈ ಹಿಡಿಯಿರಿ ಎನ್ನುತ್ತಿದ್ದವಳು ಅವತ್ತು ತಾನೇ ಮೊಣಕಾಲಿಗೆ ಕೊಟ್ಟು ಎತ್ತಿಕೊಂಡಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬೋರಯ್ಯನ ಕೈಲಿ ಹೇಳಿ ಕಳಿಸಿದೆ. ಅವನು ಹೋಗಿ ಬಂದು, “ಹಾಲ್ ಕರೀಬೇಕಂತೆ” ಎಂದ. ಮೂವತ್ತು ವರ್ಷ ಅವರ ಮನೆ ಹಸು ತನ್ನ ಹಾಲು ತಾನೇ ಕರೆದುಕೊಳ್ಳುತ್ತಿತ್ತೇ ಎಂದು ಅವನ ಮೇಲೆ ರೇಗಿದೆ. ಪಾಪ, ಅವನೇನು ಮಾಡಿಯಾನು?

ನಾನು ಮುಂಚಿನ ಬಸ್ಸಿಗೇ ಬೇಲೂರಿಗೆ ಬರತೊಡಗಿದೆ. “ಏನು ಇಷ್ಟು ಬೇಗ?” ಎಂದು ತಮ್ಮನ ಹೆಂಡತಿ ಕೇಳಿದರೆ ಅದಕ್ಕೂ ಸಿಡುಕುತ್ತಿದ್ದೆ. ಅವಳ ಮೇಲೆ ಚಾಡಿ ಹೇಳಲು ಜನವಿಲ್ಲದೆ ನನಗೆ ಅವಳ ಮೇಲಿನ ಕೋಪವೂ ಇಳಿಯುತ್ತಿರಲಿಲ್ಲ. ಮಾದಮ್ಮನ ಮನೆಗೇ ಹೋಗಿ ಮಾತಾಡಬಹುದಿತ್ತು. ಆದರೆ ಆ ಮನೆಯ ಹೊಸಿಲು ನಾನು ಕಂಡವಳಲ್ಲ. ಅವಳು ಕರೆದಿರಲಿಲ್ಲ, ನಾನು ಬರಲೇ ಎಂದು ಕೇಳಿರಲಿಲ್ಲ. ಸುಳ್ಳೇಕೆ, ನನಗೆ ಅವಳು ಬೇಕಾಗಿದ್ದಳು. ಐವತ್ತು ದಾಟಿದ ಹೆಂಗಸಿಗೆ ಸ್ನೇಹಿತೆ ಮುನಿಸಿಕೊಂಡಳೆಂದು ಊಟ ಸೇರುವುದಿಲ್ಲ ಎಂದರೆ ಯಾರಾದರೂ ನಗುತ್ತಾರೆ, ಆದರೆ ನನಗೆ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಹಿತಾ ಇನ್ನೊಂದು ಸುದ್ದಿ ತಂದಳು. ಪರೀಕ್ಷೆ ಮಾಡಿಸಿದಾಗ ಹಳೇ ವೀಲಿನ ನಡುವಿನ ಅಚ್ಚು ಸವೆದದ್ದು ಗೊತ್ತಾಗಿದೆ, ಇನ್ನು ಸ್ವಲ್ಪ ದಿನ ಕಡಿಮೆ ಜನರನ್ನು ಕೂರಿಸಿ ನಿಧಾನಕ್ಕೆ ಓಡಿಸಬಹುದು, ಆಮೇಲೆ ಬಿಚ್ಚಲೇಬೇಕು. ಹೊಸದು ಬರುತ್ತದೆ, ಇದಕ್ಕಿಂತ ಎತ್ತರದ್ದು, ಗಾಜಿನ ಡಬ್ಬಿಗಳದ್ದು. ಬೋರಯ್ಯನನ್ನು ಕೇಳಿದೆ. “ಸವೆದೈತೆ ಕಣವ್ವ, ಸುಳ್ಳಲ್ಲ” ಎಂದ. ಬರುವ ಭಾನುವಾರ ಅದರ ಕೊನೆಯ ದಿನ.

ಭಾನುವಾರದೊಳಗೆ ಮಾದಮ್ಮ ಬಾರದಿದ್ದರೆ ಮುಗಿಯಿತು ಎಂದು ನನಗೆ ಅನಿಸಿತು. ಮುನಿಸು ಹಾಗೇ ಗಟ್ಟಿಯಾಗಿ, ಬಸ್ ಸ್ಟಾಂಡಿನಲ್ಲಿ ಎದುರಾದರೆ “ಚೆನ್ನಾಗಿದೀರಾ” ಎಂದು ಕೇಳಿಕೊಳ್ಳುವವರಾಗಿ ಉಳಿದುಬಿಡುತ್ತೇವೆ. ಅದು ನನಗೆ ಬೇಡವಾಗಿತ್ತು. ಸೀದಾ ಹಿತಾಳ ಆಫೀಸಿಗೆ ನುಗ್ಗಿದೆ.

“ಅವರಿಗೆ ನಿಮ್ಮ ಪಟ್ಟಿ ಬೇಡವಂತೆ.”

“ಯಾಕೆ ಆಂಟಿ? ಫ್ರೀ ಕೊಟ್ಟಿದೀನಲ್ಲ!”

“ಫ್ರೀ ಕೊಟ್ಟಿದ್ದಕ್ಕೇ ಬೇಡ. ನಿಮ್ಮ ಮದುವೆಗೆ ಬಂದೋರ ಕೈಗೆಲ್ಲ ಪಟ್ಟಿ ಕಟ್ಟಿದ್ರಾ ನೀವು?”

ಹಿತಾ ಫೋನು ಕೆಳಗಿಟ್ಟು, “ಕಟ್ಟಿದ್ವಿ ಆಂಟಿ. ರೆಸಾರ್ಟಲ್ವಾ, ರೂಲ್ಸ್ ಇತ್ತು” ಎಂದಳು.

ಇಂಥವಳ ಜೊತೆ ಹೇಗೆ ಜಗಳವಾಡುವುದು? ನಾನು ಕುರ್ಚಿ ಎಳೆದುಕೊಂಡು ಕೂತೆ. ತಲೆ ಕೆರೆದುಕೊಳ್ಳುತ್ತಿರುವಾಗ, ಹಿಂದಿನ ವಾರ ಹಾಸನದವರೊಬ್ಬರು ಮಗುವಿನ ಹುಟ್ಟುಹಬ್ಬಕ್ಕೆ ಇಡೀ ಸಂಜೆ ಪಾರ್ಕು ಹಿಡಿದದ್ದು ನೆನಪಾಯಿತು. ಆ ನೆಂಟರಿಗೆಲ್ಲ ಪಟ್ಟಿ ಕಟ್ಟಿರಲಿಲ್ಲವಲ್ಲ ಎಂದೆ.

“ಅದು ಫಂಕ್ಷನ್ ಆಂಟಿ,” ಎಂದಳು ಹಿತಾ. “ಆ ಸಂಜೆಗೆ ಬೇರೆ ಇನ್ಶೂರೆನ್ಸ್ ಇರುತ್ತೆ. ಕರೆದವರು ಜವಾಬ್ದಾರಿ ತಗೋತಾರೆ.”

“ಹಾಗಾದರೆ ಭಾನುವಾರ ಸಂಜೆ ನೀವು ಕರೀರಿ. ನೀವು ಜವಾಬ್ದಾರಿ ತಗೊಳ್ಳಿ.”

“ಏನು ಫಂಕ್ಷನ್ ಅಂತ?”

“ಚಕ್ರ ಬಿಚ್ಚೋ ಫಂಕ್ಷನ್.”

ಹಿತಾ ಪೆನ್ನು ಕಚ್ಚುತ್ತಾ ಕೂತಳು. ಕಿಟಕಿಯಾಚೆ ಬೋರಯ್ಯ ಒಂದೊಂದೇ ತೊಟ್ಟಿಲನ್ನು ನಿಲ್ಲಿಸಿ ಒರೆಸುತ್ತಿದ್ದ. “ವಾಟ್ಸಾಪಲ್ಲಿ ಕಳಿಸಿದ್ರೆ ಆಗುತ್ತಾ?” ಎಂದು ಕೇಳಿದವಳು ನನ್ನ ಮುಖ ನೋಡಿ, “ಆಯ್ತು ಆಯ್ತು, ಮನೆಗೇ ಹೋಗೋಣ. ಆದ್ರೆ ಆಂಟಿ, ನಂಗೆ ಈ ಕರೆಯೋದೆಲ್ಲ ಬರಲ್ಲ” ಎಂದಳು.

ಶನಿವಾರ ನಮ್ಮ ಮನೆಯ ಬೆಳ್ಳಿ ಕುಂಕುಮದ ಬಟ್ಟಲು ತಂದೆ. ಹಿತಾ ಪ್ಯಾಂಟು ತೊಟ್ಟೇ ಬಂದಿದ್ದಳು. ಪ್ಯಾಂಟಿರಲಿ, ಬಟ್ಟಲು ನೆಟ್ಟಗೆ ಹಿಡೀರಿ ಎಂದೆ. ಮನೆಯೊಡತಿ ಹೊರಗೆ ಬರುವ ತನಕ ಕಾಯಬೇಕು, ಕುಂಕುಮ ಕೊಡಬೇಕು, ಯಾವತ್ತು, ಎಷ್ಟು ಹೊತ್ತಿಗೆ, ಏನು ವಿಶೇಷ ಅಂತ ಬಾಯಿಬಿಟ್ಟು ಹೇಳಬೇಕು, ಮನೆಮಂದಿಯೆಲ್ಲ ಬರಬೇಕು ಎನ್ನಬೇಕು. ದಾರಿಯುದ್ದಕ್ಕೂ ಅವಳು ಪರೀಕ್ಷೆಗೆ ಹೋಗುವ ಹುಡುಗಿಯ ಹಾಗೆ ಅದನ್ನೇ ಬಾಯಿಪಾಠ ಮಾಡುತ್ತಿದ್ದಳು. ಮೊದಲೆರಡು ಮನೆಗಳಲ್ಲಿ ತೊದಲಿದಳು, ಮೂರನೆಯದರಲ್ಲಿ ಸರಿಹೋಯಿತು.

ಮಾದಮ್ಮನ ಮನೆಗೆ ಹೋಗುವ ಹೊತ್ತಿಗೆ ನಾನು ಎರಡು ಸಲ ಸೆರಗು ಸರಿಮಾಡಿಕೊಂಡಿದ್ದೆ. ಹೆಂಚಿನ ಮನೆ, ಮುಂದೆ ಜಗಲಿ, ಪಕ್ಕದಲ್ಲಿ ಕೊಟ್ಟಿಗೆ. ಕಿವಿಗೆ ಹಳದಿ ಬಿಲ್ಲೆ ಹೊಡೆಸಿಕೊಂಡ ಗೌರಿ ನಮ್ಮನ್ನು ನೋಡಿ ತಲೆ ಆಡಿಸಿತು. ಮಾದಮ್ಮ ಹೊರಬಂದು, ನನ್ನನ್ನು ಕಂಡು ಒಂದು ಗಳಿಗೆ ನಿಂತು, ಒಳಗೆ ಹೋಗಿ ಚಾಪೆ ತಂದು ಹಾಸಿದಳು.

ಹಿತಾ ಬಟ್ಟಲು ಮುಂದೆ ಹಿಡಿದಳು. “ನಾಳೆ ಸಂಜೆ ನಮ್ಮ ಪಾರ್ಕಿಗೆ ನೀವು ಬರಬೇಕು. ಮನೆಮಂದಿಯೆಲ್ಲ.”

“ಏನವ್ವ ವಿಸೇಸ?”

ಬಾಯಿಪಾಠ ಮಾಡಿದ್ದೆಲ್ಲ ಅವಳಿಗೆ ಮರೆತುಹೋಯಿತು. “ಹಳೇ ಚಕ್ರ ಬಿಚ್ತಾ ಇದೀವಿ. ತಾತ ಇದ್ದಿದ್ರೆ ನಿಮ್ಮನ್ನ ಕರೀದೇ ಬಿಚ್ತಿರ್ಲಿಲ್ಲ. ನಂಗೆ ಅದು ಗೊತ್ತಾಗ್ಲಿಲ್ಲ. ಬನ್ನಿ, ಪ್ಲೀಸ್.”

ಮಾದಮ್ಮ ಕುಂಕುಮ ಹಚ್ಚಿಕೊಂಡಳು. “ದೊಡ್ಡೋರ ಮೊಮ್ಮಗಳು ಬಂದ್ ಕರೆದ್ಮೇಲೆ ಇಲ್ಲ ಅನ್ನಕ್ ಆಯ್ತದಾ? ಬತ್ತೀವಿ” ಎಂದು ಅವಳ ಗಲ್ಲ ಹಿಡಿದಳು. ನನ್ನ ಕಡೆ ನೋಡಲಿಲ್ಲ. ಒಳಗೆ ಹೋಗಿ ಬಂದು ಹಿತಾಳ ಕೈಗೆ ಬಿಸಿಬಿಸಿ ಕಾಫಿ ಕೊಟ್ಟಳು, ನನ್ನ ಮುಂದೆ ಒಂದು ತಟ್ಟೆಯಲ್ಲಿ ಎರಡು ಬಾಳೆಹಣ್ಣು ಇಟ್ಟಳು. ಕಾಫಿಯ ಘಮ ನನ್ನ ಮೂಗಿಗೂ ಬರುತ್ತಿತ್ತು. ಇನ್ನೂ ಕೋಪ ಇಳಿದಿಲ್ಲ ಎಂದುಕೊಂಡು ನಾನು ಬಾಳೆಹಣ್ಣು ಸುಲಿದೆ.

ಭಾನುವಾರ ಹೊರಗಿನವರೆಲ್ಲ ಹೋದ ಮೇಲೆ ಹಿತಾ ತಾನೇ ಹಿಂದಿನ ಗೇಟಿನ ಬೀಗ ತೆಗೆದಳು. ಮಾದಿಹಳ್ಳಿಯವರು ಮದುವೆಗೆ ಬಂದ ಹಾಗೆ ಬಂದರು. ಹೆಂಗಸರು ಹೂ ಮುಡಿದಿದ್ದರು, ಗಂಡಸರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಒಬ್ಬರು ಎಳನೀರಿನ ಗೊನೆಯನ್ನೇ ಹೊತ್ತು ತಂದಿದ್ದರು. ಬೋರಯ್ಯ ಮೋಟರಿನ ಡಬ್ಬಿಗೆ ಹೂವಿನ ಹಾರ ಹಾಕಿದ್ದ. ಒಂದು ಸಲಕ್ಕೆ ಅರ್ಧ ತೊಟ್ಟಿಲುಗಳನ್ನಷ್ಟೇ ತುಂಬಿಸಿ ಮೆಲ್ಲಗೆ ತಿರುಗಿಸುತ್ತಿದ್ದ. ಮಕ್ಕಳು ಕಿರುಚಿದ್ದಕ್ಕೆ ಹುಣಸೆಮರದ ಹಕ್ಕಿಗಳೆಲ್ಲ ಎದ್ದುಹೋದವು.

ಮಾದಮ್ಮ ಎಲ್ಲರಿಗಿಂತ ಕೊನೆಗೆ ಬಂದಳು. ಮಗ ಕೊಡಿಸಿದ ನೇರಳೆ ಸೀರೆ ಉಟ್ಟಿದ್ದಳು. ಎಲ್ಲರೂ ಹತ್ತಿ ಇಳಿದ ಮೇಲೂ ದೂರದಲ್ಲೇ ನಿಂತಿದ್ದಳು. ನಾನು ಇನ್ನೊಂದು ಕಡೆ ನಿಂತಿದ್ದೆ. ಬೋರಯ್ಯ ಖಾಲಿ ತೊಟ್ಟಿಲೊಂದನ್ನು ಕೆಳಗೆ ನಿಲ್ಲಿಸಿ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. “ಹತ್ರವ್ವ, ಕತ್ಲಾಯ್ತದೆ” ಎಂದ. ನಾವು ಹತ್ತಿದೆವು.

ಮೊದಲ ಸುತ್ತು ನಾನು ಕೆರೆಯ ಕಡೆಗೇ ಮುಖ ಮಾಡಿ ಕೂತಿದ್ದೆ. ಎರಡನೆಯ ಸುತ್ತಿನಲ್ಲಿ ತೊಟ್ಟಿಲು ಮೇಲೆ ಹೋದಾಗ ಬೋರಯ್ಯ ನಿಲ್ಲಿಸಿದ. ಕೆರೆಯ ಮೇಲೆ ಇನ್ನೂ ಸ್ವಲ್ಪ ಬೆಳಕಿತ್ತು. ನಾನು ಕ್ಷಮಿಸೇ ಎನ್ನೋಣವೆಂದು ಅವಳ ಕಡೆ ತಿರುಗಿದೆ. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಎರಡೂ ಕೈ ಕಂಬಿಯನ್ನು ಕಚ್ಚಿ ಹಿಡಿದಿದ್ದವು.

“ಏನಾಯ್ತೇ? ತಲೆ ಸುತ್ತುತ್ತಾ?”

“ಏನೂ ಇಲ್ಲ. ಯಾವಾಗ್ಲೂ ಹಿಂಗೇ.”

“ಯಾವಾಗ್ಲೂ ಅಂದ್ರೆ?”

“ಮೊದ್ಲಿಂದ್ಲೂವೆ. ಭಯ ಕಣೇ ನಂಗೆ. ಮ್ಯಾಲಕ್ ಬಂದ್ರೆ ಕಣ್ ಬಿಡಕ್ಕಾಗಲ್ಲ. ನೀನು ಕೆರೆ ನೋಡ್ತಾ ಕೂತಿರ್ತೀಯ, ನಿಂಗೆಲ್ಲಿ ಗೊತ್ತಾಗ್ಬೇಕು?”

ನಾನು ದಂಗಾದೆ. ಮೂವತ್ತು ವರ್ಷ ನಾನು ಕೆರೆ ನೋಡಿದ್ದೆ, ಬೆಟ್ಟ ನೋಡಿದ್ದೆ. “ಮತ್ತೆ ಯಾಕೆ ಹತ್ತಿದೆ ಇಷ್ಟು ವರ್ಷ? ಬೇಡ ಅಂದಿದ್ರೆ ಕೆಳಗೇ ಕೂತ್ಕೋಬಹುದಿತ್ತಲ್ಲ!”

“ಕೆಳ್ಗೆ ಎಲ್ ಕೂತ್ಕಳನ?” ಕಣ್ಣು ಮುಚ್ಚಿಕೊಂಡೇ ಕೇಳಿದಳು. “ನಿಮ್ ಬೀದೀಲಾ? ನಮ್ ಜಗ್ಲಿ ಮ್ಯಾಲಾ? ನೀನ್ ಬಂದು ಕೂತ್ಕತಿದ್ಯಾ? ಈ ತೊಟ್ಲಲ್ಲಾದ್ರೆ ಕಂಬಿ ಹಾಕ್ಬುಡ್ತಾರೆ, ಯಾರೂ ಎದ್ ಹೋಗಂಗಿಲ್ಲ. ಆಟಕ್ ಯಾರ್ ಬಂದಿದ್ರು, ಆಂಡಾಳೂ? ಮಾತಿಗ್ ಬತ್ತಿದ್ದೆ. ಅದ್ಕೇ ನೀನ್ ಟಿಕೇಟ್ ಕೊಟ್ಟಾಗ ಉರಿದೋಯ್ತು.”

ಗಾಳಿಗೆ ತೊಟ್ಟಿಲು ಒಂದಿಷ್ಟು ಅಲುಗಿದಾಗ ಅವಳು ಇನ್ನೂ ಬಿಗಿಯಾದಳು. ನಾನು ಅವಳ ಕೈ ಮೇಲೆ ಕೈಯಿಟ್ಟೆ.

“ನಿನ್ನೆ ನೀ ಮನೆ ತಂಕ ಬಂದೆ,” ಎಂದಳು. “ಕಾಫಿ ಎರಡ್ ಲೋಟಕ್ಕೆ ಬಗ್ಗಿಸಿದ್ದೆ. ಆಮೇಲೆ ಧೈರ್ಯ ಬರ್ಲಿಲ್ಲ. ಇಷ್ಟ್ ವರ್ಸ ನಿಂಗೆ ಸೀಬೆಕಾಯಿ, ಸೌತೆಕಾಯಿ, ಹಸೀ ಕಡ್ಲೆಕಾಯಿ, ಇಂಥವೇ ತಂದ್ ಕೊಟ್ಟೆ. ನಮ್ಮನೇಲಿ ಬೇಯ್ಸಿದ್ದು ಒಂದಿನ ತರ್ಲಿಲ್ಲ. ತಂದ್ರೆ ನೀನ್ ಏನ್ ಮಾಡ್ತೀಯೋ, ಬ್ಯಾಡ ಅಂದ್ಬುಟ್ರೆ ಹೆಂಗೆ ಅಂತ.”

ಬ್ಯಾಡ ಅನ್ನುತ್ತಿದ್ದೆನೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಆ ವಯಸ್ಸಿನಲ್ಲಿ, ಅಪ್ಪ ಇದ್ದ ಆ ದಿನಗಳಲ್ಲಿ, ಬಹುಶಃ ಅನ್ನುತ್ತಿದ್ದೆ. ಅವಳು ನನಗೆ ಆ ಮಾತು ಆಡುವ ಅವಕಾಶವನ್ನೇ ಕೊಟ್ಟಿರಲಿಲ್ಲ.

“ನಾಳೆ ಬರ್ತೀನಿ,” ಎಂದೆ.

“ಎಲ್ಲಿಗೆ?”

“ನಿಮ್ಮನೆಗೆ. ಕೌಂಟರ್ ಮುಚ್ಚಿ ಬರ್ತೀನಿ. ಊಟಕ್ಕೆ.”

ಮಾದಮ್ಮ ಕಣ್ಣು ಬಿಟ್ಟಳು. ಕೆಳಗೆ ನೋಡಲಿಲ್ಲ, ಕೆರೆಯನ್ನೂ ನೋಡಲಿಲ್ಲ, ನನ್ನ ಮುಖವನ್ನೇ ನೋಡಿದಳು. “ನಿಜ್ವಾಗ್ಲಾ?”

“ನಿಜವಾಗ್ಲೂ.”

“ಮುದ್ದೆ ಕಣೇ ನಮ್ಮನೇಲಿ. ಸೋಮವಾರ, ಬರೀ ಸೊಪ್ಪಿನ್ ಸಾರು. ನಿನ್ ಪುಣ್ಯ. ನುಂಗಕ್ ಬತ್ತದಾ ನಿಂಗೆ?”

“ಬರಲ್ಲ. ಅಗಿದು ತಿಂತೀನಿ.”

“ಥೂ, ಅಗೀತಾರಾ ಯಾರಾದ್ರೂ! ನಮ್ ಸೊಸೆ ಮುಂದೆ ಮಾನ ಕಳೀತೀಯ. ನೋಡಿಲ್ಲಿ, ಹಿಂಗ್ ಮುರೀಬೇಕು, ಹಿಂಗೆ, ಜಾಸ್ತಿ ಅಲ್ಲ, ನೆಲ್ಲಿಕಾಯಿ ಗಾತ್ರ…”

ಬೋರಯ್ಯ ಮೋಟರು ಹಾಕಿದ. ತೊಟ್ಟಿಲು ಒಮ್ಮೆ ಜಗ್ಗಿ ಇಳಿಯತೊಡಗಿತು. ಮಾದಮ್ಮ ಎಡಗೈಯನ್ನು ತಟ್ಟೆ ಮಾಡಿಕೊಂಡು, ಬಲಗೈಯಲ್ಲಿ ಇಲ್ಲದ ಮುದ್ದೆ ಮುರಿದು, ಇಲ್ಲದ ಸಾರಿಗೆ ಅದ್ದಿ, ಹೇಗೆ ನುಂಗಬೇಕೆಂದು ನನಗೆ ತೋರಿಸುತ್ತಿದ್ದಳು. ಕಂಬಿಯಿಂದ ಎರಡೂ ಕೈ ಬಿಟ್ಟಿರುವುದು ನೆಲ ಮುಟ್ಟುವವರೆಗೂ ಅವಳಿಗೆ ತಿಳಿಯಲೇ ಇಲ್ಲ.